ಎಣಿಕೆಯಲ್ಲಿ ಕೊಸರು

ಬೆಳಿಗ್ಗೆ ಎಂಟಕ್ಕೆ ಐದು ನಿಮಿಷ ಇರುವಾಗ ನರ್ಸ್ ಚಂದ್ರಾವತಿ ವಾರ್ಡಿನಲ್ಲಿ ಸ್ಟೀಲಿನ ಒಂದು ಡಬ್ಬಿ ತೆರೆಯುತ್ತಾರೆ. ಒಳಗೆ ಒಂದು ಹಿಡಿ, ಮೂರು ಸಣ್ಣ ಅಲಗುಗಳು. ಅಲಗನ್ನು ಹಿಡಿಗೆ ಸಿಕ್ಕಿಸಿ ಎತ್ತಿದರೆ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಬಲ್ಬು ಹೊತ್ತಿಕೊಳ್ಳುತ್ತದೆ. ಒಂದೊಂದೇ ಅಲಗು ಹಾಕಿ, ಮೂರನ್ನೂ ಹೊತ್ತಿಸಿ ನೋಡಿ, ಡಬ್ಬಿ ಮುಚ್ಚಿಟ್ಟ ಮೇಲೆಯೇ ಉಳಿದ ಕೆಲಸ.

ಬಿಜೂರಿನ ಮನೆಯಲ್ಲಿ ದೇವರ ದೀಪ ಹಚ್ಚದೆ ಹೊಸ್ತಿಲು ದಾಟುವವರಲ್ಲ ಅವರು. ಆದರೆ ಅತ್ತೆ ತೀರಿಕೊಂಡಾಗ, ಸೂತಕದ ದಿನಗಳಲ್ಲಿ, ಆ ದೀಪ ಹಚ್ಚಲಿಲ್ಲ. ವಾರ್ಡಿನಲ್ಲಿ ಕೆಲಸಕ್ಕೆ ಜನ ಸಾಲದೆಂದು ಆರನೆಯ ದಿನವೇ ಬಂದು, ಎಂದಿನಂತೆ ಈ ಡಬ್ಬಿ ತೆರೆದರು. ಜೊತೆಗಿದ್ದ ನರ್ಸ್ ಅಕ್ಷಿತಾ ನಕ್ಕಳು.

"ಸೂತ್ಕದಂಗೆ ದೀಪ ಹಚ್ತ್ರಿ ಅಲ್ದಾ ಚಂದ್ರಕ್ಕ?"

"ಇದ್ ಬ್ಯಾಟ್ರಿ ದೀಪ ಹೆಣ್ಣೆ. ದೇವ್ರ್ ಬೈತಿಲ್ಲೆ."

ಕುಂದಾಪುರದ ಆ ಆಸ್ಪತ್ರೆಯಲ್ಲಿ, ಆಗ ತಾನೇ ಹುಟ್ಟಿದ ಶಿಶುಗಳ ವಾರ್ಡಿನಲ್ಲಿ, ಅವರಿಗೆ ಇದು ಇಪ್ಪತ್ತಾರನೆಯ ವರ್ಷ. ದಿನ ತುಂಬದೆ ಹುಟ್ಟಿ ಉಸಿರಾಡಲು ಸೋತ ಶಿಶುವಿನ ಶ್ವಾಸನಾಳಕ್ಕೆ ಒಂದು ತೆಳು ಟ್ಯೂಬ್ ಇಳಿಸಬೇಕಾಗುತ್ತದೆ. ಅಲಗಿನಿಂದ ನಾಲಗೆಯನ್ನು ಮೆಲ್ಲಗೆ ಎತ್ತಿ ಹಿಡಿದು, ಆ ಸಾಸಿವೆ ಬೆಳಕಿನಲ್ಲಿ ಗಂಟಲಿನಾಚೆಯ ಸಣ್ಣ ಬಾಗಿಲು ಹುಡುಕಬೇಕು. ಬಾಗಿಲು ಕಾಣುವುದು ಅಲಗು ಹಿಡಿದ ಒಬ್ಬರ ಕಣ್ಣಿಗೆ ಮಾತ್ರ. ಹಿಂದೆ ನಿಂತ ಹಿರಿಯ ವೈದ್ಯರು ಎಷ್ಟು ಬಗ್ಗಿದರೂ ಅವರಿಗೆ ಕಾಣುವುದು ಅಲಗು ಹಿಡಿದ ಕಿರಿಯ ವೈದ್ಯರ ಕೈ ಮತ್ತು ಕಿವಿಯ ಹಿಂದಿನ ಬೆವರು. ಹುಡುಕುವಷ್ಟು ಹೊತ್ತೂ ಶಿಶುವಿಗೆ ಉಸಿರಿಲ್ಲ. ಆದ್ದರಿಂದ ಮೂವತ್ತು ಸೆಕೆಂಡಿನ ಮಿತಿ. ಅಷ್ಟರಲ್ಲಿ ಆಗದಿದ್ದರೆ ಅಲಗು ಹೊರಗೆ ಬರಬೇಕು; ಮುಖಕ್ಕೆ ಮಾಸ್ಕ್ ಇಟ್ಟು, ಬ್ಯಾಗ್ ಒತ್ತಿ, ಉಸಿರು ಕೊಟ್ಟು, ಮತ್ತೆ ಮೊದಲಿನಿಂದ ಶುರು.

ವಾರ್ಡಿನ ಹಿರಿಯ ವೈದ್ಯರು ರಾಘವೇಂದ್ರ. ಕಿರಿಯರು ಟ್ಯೂಬ್ ಹಾಕುವಾಗ ಅವರು ಎಡಭುಜದ ಹಿಂದೆ ನಿಂತು, ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಹಿಡಿದುಕೊಳ್ಳುತ್ತಾರೆ. ಬೇಗ ಕೈ ಹಾಕಿದರೆ ಕಿರಿಯರು ಕಲಿಯುವುದಿಲ್ಲ, ತಡವಾಗಿ ಹಾಕಿದರೆ ಶಿಶು ಉಳಿಯುವುದಿಲ್ಲ ಎಂದು ಅವರೇ ಒಮ್ಮೆ ಹೇಳಿದ್ದರು. ಕಿರಿಯರಿಗೆ ಎರಡು ಪ್ರಯತ್ನ, ಮೂರನೆಯದು ಅವರದು. ಶಿಶುವಿನ ಕಾಲ ಬುಡದಲ್ಲಿ ನಿಂತು ಗಟ್ಟಿಯಾಗಿ ಮೂವತ್ತರವರೆಗೆ ಎಣಿಸುವುದು ಚಂದ್ರಾವತಿಯ ಕೆಲಸ. ಗೋಡೆಯಲ್ಲಿ ಗಡಿಯಾರವಿದೆ, ಯಾರೂ ಅದರತ್ತ ನೋಡುವುದಿಲ್ಲ. ಕಣ್ಣುಗಳೆಲ್ಲ ಶಿಶುವಿನ ಮೇಲಿರುವಾಗ ಕಿವಿಗೆ ಬೀಳುವ ಎಣಿಕೆಯೇ ಗಡಿಯಾರ.

ಎಣಿಕೆಯನ್ನು ಅವರು ಕಲಿತದ್ದು ತಂದೆಯಿಂದ. ಕೊಯ್ಲು ಮುಗಿದ ಮೇಲೆ ಅಂಗಳದಲ್ಲಿ ಕುಳಿತು ಅಪ್ಪಯ್ಯ ಬತ್ತ ಅಳೆಯುತ್ತಿದ್ದರು. ಮೊದಲ ಸೇರಿಗೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದರು. ಲಾಭ, ಎರಡು, ಮೂರು. ಕೊಯ್ಲಿಗೆ ಬಂದ ಹೆಂಗಸರಿಗೆ ಕೂಲಿಯ ಬತ್ತ ಕೊಡುವಾಗ ಅವರ ದನಿ ತನ್ನಿಂದ ತಾನೇ ಉದ್ದವಾಗುತ್ತಿತ್ತು. "ಎಂಟೂ..." ಎನ್ನುತ್ತ ಸೇರಿನ ಮೇಲೆ ಗೋಪುರ ಕಟ್ಟಿ, ಒಂಬತ್ತು ಎನ್ನುವ ಮೊದಲು ಇನ್ನೊಂದು ಬೊಗಸೆ ಸುರಿಯುತ್ತಿದ್ದರು. "ಅಳೂ ಕೈಯಂಗೆ ಕೊಸರ್ ಇರ್ಕ್" ಎನ್ನುವುದು ಅವರ ಮಾತು; ಅಳೆಯುವ ಕೈಯಲ್ಲಿ ಕೊಸರು ಇರಬೇಕು. ಕೊಸರು ಎಂದರೆ ಅಳತೆಯ ಮೇಲೆ ಪ್ರೀತಿಗೆ ಕೊಡುವ ಹಿಡಿಯಷ್ಟು.

ವಾರ್ಡಿನಲ್ಲಿ ಮೊದಲ ಸಲ ಎಣಿಸಲು ಹೇಳಿದಾಗ ಚಂದ್ರಾವತಿಯ ಬಾಯಿಂದ ಬಂದದ್ದೂ 'ಲಾಭ'ವೇ. ನಾಲಗೆ ಕಚ್ಚಿಕೊಂಡರು. ಶಿಶು ಉಸಿರಾಡತೊಡಗಿದ ಮೇಲೆ ರಾಘವೇಂದ್ರ ನಕ್ಕು, "ಇರ್ಲಿ ಚಂದ್ರಕ್ಕ, ಲಾಭವೇ ಆಯ್ಲಿ" ಎಂದರು. ಅಂದಿನಿಂದ ಅಲ್ಲಿ ಒಂದು ಇಲ್ಲ, ಲಾಭವೇ.

ಎಣಿಕೆ ತಪ್ಪಬಾರದೆಂದು ಅವರು ಪಟ್ಟ ಪಾಡು ಮನೆಯವರಿಗೆ ಗೊತ್ತು. ಬಸ್ಸಿನಲ್ಲಿ, ತ್ರಾಸಿಯಿಂದ ಮರವಂತೆಯವರೆಗೆ ಕಡಲು ಕಾಣುವಷ್ಟು ದಾರಿಯಲ್ಲಿ, ಕೈಗಡಿಯಾರ ನೋಡುತ್ತ ಮನಸ್ಸಿನಲ್ಲೇ ಮೂವತ್ತು ಎಣಿಸುತ್ತಿದ್ದರು. ಎಷ್ಟೋ ವರ್ಷಗಳಿಂದ ಅವರ ಮೂವತ್ತಕ್ಕೂ ಗಡಿಯಾರದ ಮೂವತ್ತಕ್ಕೂ ಒಂದು ಸೆಕೆಂಡಿಗಿಂತ ಹೆಚ್ಚು ಅಂತರ ಬಂದದ್ದಿಲ್ಲ. ಹನ್ನೆರಡು ವರ್ಷ ಮುಂಬಯಿಯ ಹೋಟೆಲಿನಲ್ಲಿದ್ದು ಬಂದ ಗಂಡ ರತ್ನಾಕರ ಈಗಲೂ ಅಣಕಿಸುತ್ತಾರೆ: "ಅರೇ, ನಿನ್ನನ್ನ್ ದೋಸೆಕಲ್ಲಿನ ಹತ್ರ ನಿಲ್ಸ್ಕಿತ್ತ್ ಮಾರಾಯ್ತಿ. ಒಂದ್ ದೋಸೆಯೂ ಕರಟ್ತಿರ್ಲಿಲ್ಲೆ."

ಈ ಮಳೆಗಾಲಕ್ಕೆ ಮೊದಲು ಬ್ರಹ್ಮಾವರದ ಹುಡುಗಿ ರಮ್ಯಶ್ರೀ ಕಿರಿಯ ವೈದ್ಯೆಯಾಗಿ ವಾರ್ಡಿಗೆ ಬಂದಳು. ಅಭ್ಯಾಸದ ಬೊಂಬೆಯ ಬಾಯಿಗೆ ಹತ್ತು ಸೆಕೆಂಡಿನಲ್ಲಿ ಟ್ಯೂಬ್ ಇಳಿಸುವ ಕೈ ಅವಳದು. ಆದರೆ ಜೀವವಿರುವ ಶಿಶುಗಳಲ್ಲಿ ನಾಲ್ಕು ಸಲವೂ ಆಗಲಿಲ್ಲ. ನಾಲ್ಕು ಸಲವೂ ಹಿರಿಯರ ಕೈ ಬೆನ್ನ ಹಿಂದಿನಿಂದ ಮುಂದೆ ಬಂತು. ನಾಲ್ಕನೆಯ ಸಲದ ನಂತರ ಬಟ್ಟೆಯ ಕಪಾಟಿನ ಮರೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದವಳನ್ನು ಚಂದ್ರಾವತಿ ಕಂಡರು.

"ನಂಗೆ ಆತ್ತಿಲ್ಲೆ ಚಂದ್ರಕ್ಕ. ಸರ್ ಹಿಂದೆ ನಿಂತ್ರೆ ನಂಗೆ ಅವ್ರ ಉಸ್ರೊಂದೇ ಕೇಣ್ತ್."

"ಅವ್ರ್ ನಿಂತದ್ದ್ ತಪ್ಪ್ ಹುಡ್ಕುಕೆ ಅಲ್ಲ ಡಾಕ್ಟ್ರೆ. ಸೈಕಲ್ ಕಲ್ಸುವಾಗ ಹಿಂದಿಂದ ಹಿಡ್ಕಂತ್ರಲೆ, ಹಾಂಗೆ."

"ಸೈಕಲ್ಲಿಂದ ಬಿದ್ರೆ ನನ್ನ ಮಂಡಿ ಒಡಿತ್ತ್. ಇಲ್ಲ್ ಬೀಳೂದ್ ನಾನಲ್ಲ."

ಅಂದಿನಿಂದ ಚಂದ್ರಾವತಿ ಬೆಳಿಗ್ಗೆ ದೇವರ ಮುಂದೆ ನಿಂತಾಗ ಆ ಹುಡುಗಿಯ ಹೆಸರಿನಲ್ಲೂ ಒಂದು ನಮಸ್ಕಾರ ಸೇರಿತು. ಒಂದೇ ಒಂದು ಸಲ ಅವಳ ಕೈಯಲ್ಲಿ ಆಗಿಬಿಡಲಿ, ಆಮೇಲೆ ಹೆದರಿಕೆ ಬಿಡುತ್ತದೆ ಎಂದು.

ಅದೊಂದು ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಸಿದ್ದಾಪುರದ ಕಡೆಯಿಂದ ಆಂಬುಲೆನ್ಸ್ ಬಂತು. ವಿಜೇತಾ ಎಂಬ ಬಸುರಿಗೆ ಎಂಟು ತಿಂಗಳು ತುಂಬುವ ಮೊದಲೇ ನೋವು ಶುರುವಾಗಿತ್ತು. ಬಟ್ಟೆಯ ಚೀಲ ಅಪ್ಪಿಕೊಂಡು ಹಿಂದೆಯೇ ಓಡಿ ಬಂದವರು ಅವಳ ತಾಯಿ ಕುಸುಮಾವತಿ. ಬಂದ ಅರ್ಧ ಗಂಟೆಯಲ್ಲಿ ಹೆಣ್ಣು ಶಿಶು ಹುಟ್ಟಿತು. ಒಂದೂವರೆ ಕಿಲೋ ತೂಕ. ಒಂದು ಸಲ ಕುಂಯ್ ಎಂದದ್ದು ಮತ್ತೆ ದನಿ ತೆಗೆಯಲಿಲ್ಲ.

ಬಿಸಿ ದೀಪದ ಕೆಳಗೆ ಮಲಗಿಸಿ ಮಾಸ್ಕಿನಿಂದ ಉಸಿರು ಕೊಟ್ಟರೂ ಎದೆ ಸರಿಯಾಗಿ ಏಳಲಿಲ್ಲ. "ಟ್ಯೂಬ್ ಹಾಕ್ವ" ಎಂದರು ರಾಘವೇಂದ್ರ. "ರಮ್ಯಶ್ರೀ, ನೀವೇ."

ಶಿಶುವಿನ ಅಂಗೈ ತಣ್ಣಗಿದ್ದುದರಿಂದ ಅದಕ್ಕೆ ಕಟ್ಟಿದ ಯಂತ್ರದ ವಯರು ಬಡಿತವನ್ನು ಹಿಡಿಯಲಿಲ್ಲ. ಪರದೆಯ ಮೇಲೆ ಅಂಕಿಯ ಬದಲು ಬರೀ ಗೀಟುಗಳು. ಅಕ್ಷಿತಾ ಸ್ಟೆತಸ್ಕೋಪ್ ಎದೆಗಿಟ್ಟು, ತನಗೆ ಕೇಳಿದ ಪ್ರತಿ ಬಡಿತವನ್ನೂ ಮೇಜಿನ ಅಂಚಿಗೆ ಬೆರಳು ತಟ್ಟಿ ಉಳಿದವರಿಗೆ ಕೇಳಿಸತೊಡಗಿದಳು. ಟಕ್ ಟಕ್ ಟಕ್. ರಾಘವೇಂದ್ರ ಹಿಂದೆ ನಿಂತು ಕೈ ಕಟ್ಟಿಕೊಂಡರು.

"ಲಾಭ. ಎರಡು. ಮೂರು..."

ಮೊದಲ ಪ್ರಯತ್ನದಲ್ಲಿ ಬಾಗಿಲು ಕಾಣಲಿಲ್ಲ. ಮೂವತ್ತು ಎಂದಾಗ ಅಲಗು ಹೊರಗೆ ಬಂತು. ಬ್ಯಾಗ್ ಒತ್ತಿದರು, ಬೆರಳಿನ ತಟ್ಟುವಿಕೆ ಚುರುಕಾಯಿತು.

ಎರಡನೆಯ ಪ್ರಯತ್ನ. ರಮ್ಯಶ್ರೀಯ ಮೇಲ್ದುಟಿಯಲ್ಲಿ ಬೆವರಿನ ಹನಿಗಳು ನಿಂತಿದ್ದವು.

"ಕಂಡ್ತಾ?" ಎಂದರು ರಾಘವೇಂದ್ರ.

"ಕಾಣ್ತಾ ಇದೆ ಸರ್."

ಹೆದರಿದಾಗ ಅವಳು ಊರಿನ ಮಾತು ಬಿಟ್ಟು ಶಾಲೆಯ ಕನ್ನಡ ಆಡುತ್ತಾಳೆಂಬುದು ಚಂದ್ರಾವತಿಗೆ ಗೊತ್ತಿತ್ತು. ಹತ್ತು, ಹನ್ನೊಂದು, ಹನ್ನೆರಡು. ಅಲಗು ಒಂದು ಕೂದಲೆಳೆಯಷ್ಟು ಮೇಲೆದ್ದಿತು. ಹುಡುಗಿಯ ಭುಜ ಸಡಿಲವಾಯಿತು. ಈ ಸಲ ನಿಜವಾಗಿಯೂ ಕಂಡಿರಬೇಕು. ಟ್ಯೂಬ್ ಹಿಡಿದ ಬಲಗೈ ತುಟಿಯ ಹತ್ತಿರ ಬಂತು. ಇನ್ನೊಂದು ಚೂರು, ತಾಯೇ, ಇನ್ನೊಂದೇ ಚೂರು.

"ಹದಿಮೂರೂ... ಹದಿನಾಲ್ಕೂ..."

ದನಿ ಉದ್ದವಾದದ್ದು ಚಂದ್ರಾವತಿಗೂ ತಿಳಿಯಲಿಲ್ಲ. ಟ್ಯೂಬಿನ ತುದಿ ಒಳಗೆ ಹೋಯಿತು, ಜಾರಿತು, ಮತ್ತೆ ಹೋಯಿತು. ಹದಿನೆಂಟೂ. ಹತ್ತೊಂಬತ್ತೂ. ಮೇಜಿನ ಮೇಲಿನ ಟಕ್ ಟಕ್ ಎಡೆಬಿಟ್ಟು ಕೇಳತೊಡಗಿತು.

"ಇಪ್ಪತ್ತೆರಡೂ..."

ರಾಘವೇಂದ್ರ ತಟ್ಟನೆ ತಲೆಯೆತ್ತಿದರು. ಅಕ್ಷಿತಾಳ ಬೆರಳು ಗಾಳಿಯಲ್ಲಿ ನಿಂತಿತ್ತು. ಕೆಳಗಿಳಿಯಲು ಅದು ಬಡಿತಕ್ಕಾಗಿ ಕಾಯುತ್ತಿತ್ತು.

"ತೆಗೀರಿ! ಬ್ಯಾಗ್!"

ಹಿರಿಯರ ಕೈಗಳು ಮುಂದೆ ಬಂದವು. ಮಾಸ್ಕ್ ಮುಖಕ್ಕೆ ಕುಳಿತಿತು. ಟಕ್. ಬಹಳ ಹೊತ್ತಿನ ಮೇಲೆ ಇನ್ನೊಂದು ಟಕ್. ಬ್ಯಾಗ್ ಸುಯ್ ಸುಯ್ ಎನ್ನುತ್ತಿತ್ತು. ಶಿಶುವಿನ ಹಣೆ ಬೂದಿ ಬಣ್ಣವಾಗಿತ್ತು. ನಂತರ ಬೆರಳು ಮೆಲ್ಲಗೆ ಲಯ ಹಿಡಿಯಿತು. ಮೂರನೆಯ ಪ್ರಯತ್ನ ರಾಘವೇಂದ್ರರದು. ಚಂದ್ರಾವತಿ ಒಂಬತ್ತು ಎನ್ನುವಷ್ಟರಲ್ಲಿ ಟ್ಯೂಬ್ ಒಳಗಿತ್ತು. ಶಿಶುವಿನ ಎದೆ ಎದ್ದಿತು, ತುಟಿಗೆ ಬಣ್ಣ ಬಂತು. ಉಸಿರಿನ ಯಂತ್ರಕ್ಕೆ ಜೋಡಿಸಿದರು.

ರಮ್ಯಶ್ರೀ ಫಾರ್ಮ್ ತುಂಬಿದಳು. ಎರಡನೆಯ ಪ್ರಯತ್ನ: ಇಪ್ಪತ್ತೆರಡು ಸೆಕೆಂಡು. ಎಣಿಸಿದವರ ಜಾಗದಲ್ಲಿ ಚಂದ್ರಾವತಿ ಸಹಿ ಹಾಕಿದರು. ಸಹಿ ಹಾಕುವಾಗ ಏನೋ ಸರಿಯಿಲ್ಲ ಎನಿಸಿತು. ಯಾಕೆಂದು ಆಗ ಸ್ಪಷ್ಟವಾಗಲಿಲ್ಲ.

ಸ್ಪಷ್ಟವಾದದ್ದು ಮಧ್ಯಾಹ್ನ. ರಾಘವೇಂದ್ರ ಆ ಫಾರ್ಮನ್ನೇ ನೋಡುತ್ತ ಕುಳಿತಿದ್ದರು.

"ಇಪ್ಪತ್ತೆರಡ್ ಸೆಕೆಂಡಿಗೆ ಹಾರ್ಟ್ ಇಷ್ಟ್ ಇಳೂಕಾಗ. ಹಾಂಗಾರೆ ಈ ಮಗಿನ ಹೃದಯದಂಗೇ ಎಂತದೋ ತೊಂದ್ರೆ ಇತ್ತ್. ನಾಳೆ ಹತ್ತ್ ಗಂಟೆಗೆ ದೊಡ್ಡ ಆಸ್ಪತ್ರೆಗೆ ಕಳ್ಸ್ವ."

ಹನ್ನೆರಡರ ನಂತರ ತನ್ನ ದನಿ ಎಳೆದದ್ದು ಚಂದ್ರಾವತಿಗೆ ಆಗ ನೆನಪಾಯಿತು. ಒಂದೂವರೆ ಕಿಲೋದ ಶಿಶು, ಗಂಟಲಲ್ಲಿ ಟ್ಯೂಬ್, ಆಂಬುಲೆನ್ಸಿನ ಕುಲುಕಾಟ. ದಾರಿಯಲ್ಲಿ ಟ್ಯೂಬ್ ಒಂದು ಬೆರಳು ಅಗಲ ಜಾರಿದರೂ ಸಾಕು. ಅಂಥದನ್ನು ಅವರು ಕಂಡಿದ್ದರು.

ಹೊರಗೆ ಬೆಂಚಿನ ಮೇಲೆ ಕುಸುಮಾವತಿ ಕುಳಿತಿದ್ದರು. ಹೃದಯ ಎಂಬ ಮಾತು ಆಗಲೇ ಅವರ ಕಿವಿಗೆ ಬಿದ್ದಿತ್ತು.

"ಹ್ವಾಯ್ ಸಿಸ್ಟರ್ರೆ, ಮಗಿನ ಎದೆಯಂಗೆ ಎಂತ ಇತ್ತಂಬ್ರ್? ನಮ್ಮ ಮನೆಯಂಗೆ ಯಾರಿಗೂ ಹಾಂಗಿದ್ದದ್ದಿಲ್ಲೆ. ಕಮಲಶಿಲೆ ಅಮ್ಮಂಗೆ ಹರಕೆ ಹೇಳ್ಕಂಡಿದ್ದೆ, ಹುಟ್ಟೂಕೆ ಮುಂಚೆಯೇ ಹೇಳ್ಕಂಡಿದ್ದೆ."

"ಹೆದ್ರಬ್ಯಾಡಿ. ಡಾಕ್ಟ್ರ್ ಕಾಣ್ತ್ರ್."

"ನೀವಂಬ್ರಲೆ ಒಳ್ಗೆ ಎಣ್ಸುದ್? ಆ ಸಣ್ಣ ನರ್ಸ್ ಹೇಳ್ಳ್. ನಿಮ್ಮ ಎಣಿಕೆ ಗಡಿಯಾರಕ್ಕಿಂತ ಸಮ ಅಂಬ್ರ್. ಅದ್ ಕೇಂಡೇ ನಂಗೆ ಒಂದ್ ಚೂರ್ ಧೈರ್ಯ."

ಚಂದ್ರಾವತಿ ಅಲ್ಲಿ ನಿಲ್ಲದೆ ಒಳಗೆ ನಡೆದರು.

ಸಂಜೆಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮರವಂತೆ ಬಂದಾಗ ಅವರು ಕೈಗಡಿಯಾರ ಬಿಚ್ಚಿ ಅಂಗೈಯಲ್ಲಿಟ್ಟುಕೊಂಡರು. ಬೆಳಿಗ್ಗೆ ಎಣಿಸಿದ ಹಾಗೆಯೇ ಎಣಿಸಬೇಕು. ಹನ್ನೆರಡರವರೆಗೆ ಸರಿಯಾಗಿ. ಆಮೇಲೆ ಹದಿಮೂರೂ, ಹದಿನಾಲ್ಕೂ, ಟ್ಯೂಬ್ ಜಾರಿದ ಕಡೆ ತುಸು ನಿಂತು, ಮತ್ತೆ. ಇಪ್ಪತ್ತೆರಡಕ್ಕೆ ಬಂದು ಗಡಿಯಾರ ನೋಡಿದರು. ನಲವತ್ತೊಂದು ಸೆಕೆಂಡು. ಸುಳ್ಳಿರಬೇಕು ಎಂದು ಇನ್ನೊಮ್ಮೆ ಎಣಿಸಿದರು. ನಲವತ್ತು. ಮೂರನೆಯ ಸಲ ನಲವತ್ತೆರಡು. ಕಡಲು ಮುಗಿದು ಮನೆಗಳ ಸಾಲು ಬಂತು.

ಶಿಶುವಿನ ಹೃದಯದಲ್ಲಿ ಏನೂ ಇರಲಿಕ್ಕಿಲ್ಲ. ನಲವತ್ತು ಸೆಕೆಂಡು ಉಸಿರಿಲ್ಲದಿದ್ದರೆ ಯಾವ ಶಿಶುವಿನ ಹೃದಯವಾದರೂ ಇಳಿಯುತ್ತದೆ. ಅಪ್ಪಯ್ಯ ಕೊಡುತ್ತಿದ್ದ ಕೊಸರು ಅವರದೇ ರಾಶಿಯದು. ತಾನು ರಮ್ಯಶ್ರೀಗೆ ಕೊಟ್ಟ ಕೊಸರು ಯಾರದು? ಆ ಒಂದೂವರೆ ಕಿಲೋದ ಜೀವದ್ದು. ಕೇಳದೆ ತೆಗೆದು ಕೊಟ್ಟದ್ದು.

ಮನೆಯಲ್ಲಿ ತಟ್ಟೆಯ ಅನ್ನ ಹಾಗೆಯೇ ಉಳಿಯಿತು. ವಿಷಯ ಕೇಳಿದ ರತ್ನಾಕರ ಅಂದು ತಮಾಷೆ ಮಾಡಲಿಲ್ಲ.

"ಯಾರಿಗಾರೂ ಗೊತ್ತಾಯ್ತಾ?"

"ನಂಗೆ ಗೊತ್ತಾಯ್ತಲೆ."

"ಹಾಂಗಾರೆ ಹೇಳ್ಕ್" ಎಂದರು ಅವರು. "ನಾಳೆ ಮೊದ್ಲ್ ಬಸ್ಸಿಗೇ ಹೋಗ್. ನಾನ್ ಸ್ಟಾಪಿಗೆ ಬಿಡ್ತೆ" ಎಂದು ಸೇರಿಸಿದರು.

ಮರುದಿನ ಬೆಳಿಗ್ಗೆ ಚಂದ್ರಾವತಿ ಏಳಕ್ಕೆಲ್ಲ ವಾರ್ಡಿನಲ್ಲಿದ್ದರು. ಡಬ್ಬಿ ತೆರೆದು ಮೂರು ಅಲಗುಗಳ ಬೆಳಕು ನೋಡಿದರು. ಗಾಜಿನ ಪೆಟ್ಟಿಗೆಯೊಳಗೆ ಶಿಶು ಅಂಗೈಯನ್ನು ಮುಷ್ಟಿ ಮಾಡಿಕೊಂಡು ಮಲಗಿತ್ತು. ಪರದೆಯಲ್ಲಿ ಬಡಿತದ ಅಂಕಿ ರಾತ್ರಿಯಿಡೀ ನೂರ ನಲವತ್ತರ ಆಸುಪಾಸಿನಲ್ಲೇ ಇತ್ತೆಂದು ಪಾಳಿ ಮುಗಿಸಿದ ನರ್ಸ್ ಹೇಳಿದಳು. ಆಂಬುಲೆನ್ಸಿಗೆ ಹತ್ತು ಗಂಟೆಗೆ ಹೇಳಿಯಾಗಿತ್ತು.

ಎಂಟೂಕಾಲಿಗೆ ರಾಘವೇಂದ್ರ ಬಂದರು. ಚಂದ್ರಾವತಿ ಅವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದರು.

"ಎಂತ ಚಂದ್ರಕ್ಕ? ಕೂಕಣಿ."

"ಕೂಕಂತಿಲ್ಲೆ ಸರ್. ನಿನ್ನೆ ನಾನ್ ಹೇಳದ್ ಇಪ್ಪತ್ತೆರಡ್, ಇಪ್ಪತ್ತೆರಡಲ್ಲ."

ರಾಘವೇಂದ್ರ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆ ಹೆಣ್ಣಿನ ಕೈಯಂಗೆ ಒಂದ್ಸಲ ಆಯ್ಲಿ ಅಂದೇಳಿ ನನ್ನ ಬಾಯಿ ನಿಧಾನ ಆಯ್ತ್. ಬೇಕಂದೇಳಿ ಮಾಡದ್ದಲ್ಲ. ಆದ್ರೆ ಆಯ್ತ್. ಬಸ್ಸಂಗೆ ವಾಚ್ ಹಿಡ್ಕಂಡ್ ಕಂಡೆ. ನಲ್ವತ್ತ್ ಸೆಕೆಂಡ್ ದಾಟ್ತ್. ಮಗಿನ ಹೃದಯದಂಗೆ ಎಂತ ಇತ್ತೋ ನಂಗೆ ಗೊತ್ತಿಲ್ಲೆ. ನನ್ನ ಎಣಿಕೆ ನಂಬ್ಕಂಡ್ ಮಾತ್ರ ಅದನ್ನ ಕಳ್ಸಬ್ಯಾಡಿ."

ರಾಘವೇಂದ್ರ ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟು ಸೆಕೆಂಡಿನ ಲೆಕ್ಕ ತೆರೆದರು.

"ನಿನ್ನೆ ಎಣ್ಸದಂಗೇ ಎಣ್ಸಿ."

ಮುಚ್ಚಿದ ಕೋಣೆಯಲ್ಲಿ ಚಂದ್ರಾವತಿ ಎಣಿಸಿದರು. ಲಾಭ. ಎರಡು. ಹನ್ನೆರಡರ ನಂತರ ತಮ್ಮದೇ ದನಿ ಉದ್ದವಾಗುವುದನ್ನು ತಾವೇ ಕೇಳಿಸಿಕೊಳ್ಳಬೇಕಾಯಿತು. ಹತ್ತೊಂಬತ್ತೂ ಎನ್ನುವಾಗ ಕಣ್ಣು ತುಂಬಿತು, ಎಣಿಕೆ ಮಾತ್ರ ಬಿಡಲಿಲ್ಲ. ಇಪ್ಪತ್ತೆರಡಕ್ಕೆ ರಾಘವೇಂದ್ರ ಮೊಬೈಲನ್ನು ಅವರತ್ತ ತಿರುಗಿಸಿದರು. ನಲವತ್ತೊಂದು.

ರಾಘವೇಂದ್ರ ಎದ್ದು ವಾರ್ಡಿಗೆ ಹೋದರು. ಶಿಶುವಿನ ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ತೊಡೆಯ ಸಂದಿಯಲ್ಲಿ ನಾಡಿ ಹಿಡಿದರು. ಆಮೇಲೆ, ಉಸಿರಿಲ್ಲದೆ ಮಿದುಳಿಗೆ ಪೆಟ್ಟಾಗಿದೆಯೇ ಎಂದು ನೋಡಲು ಸ್ಕ್ಯಾನ್ ಯಂತ್ರವನ್ನು ತರಿಸಿ, ನೆತ್ತಿಯ ಮೆತ್ತಗಿನ ಜಾಗಕ್ಕೆ ಅದರ ತುದಿ ತಾಗಿಸಿ, ಪರದೆಯನ್ನು ನೋಡುತ್ತ ನಿಂತರು. ಚಂದ್ರಾವತಿಗೆ ಪರದೆಯ ಬೂದು ನೆರಳುಗಳು ಅರ್ಥವಾಗುವುದಿಲ್ಲ. ಅವರು ಡಾಕ್ಟರ ಮುಖವನ್ನೇ ಓದುತ್ತಿದ್ದರು. ಅಲ್ಲೂ ಏನೂ ಕಾಣಲಿಲ್ಲ. ಒಂಬತ್ತು ಗಂಟೆಯಾಯಿತು. ಒಂಬತ್ತೂಕಾಲಾಯಿತು. ಬಾಗಿಲ ಗಾಜಿನಾಚೆ ಕುಸುಮಾವತಿಯ ಮುಖ ಕಾಣುತ್ತಿತ್ತು.

"ಮಂಡೆಯಂಗೆ ಎಂತ ಇಲ್ಲೆ" ಎಂದರು ರಾಘವೇಂದ್ರ ಕೊನೆಗೆ. "ಹೃದಯದ ಸದ್ದೂ ಸಮ ಇತ್ತ್. ಅಕ್ಷಿತಾ, ಆಂಬುಲೆನ್ಸ್ ಬ್ಯಾಡ ಅಂದೇಳಿ ಫೋನ್ ಮಾಡ್. ಹೃದಯ ಕಾಂಬ ಡಾಕ್ಟ್ರನ್ನೇ ಇಲ್ಲಿಗೆ ಬಪ್ಪುಕೆ ಹೇಳ್ತೆ."

ಚಂದ್ರಾವತಿ ಗಾಜಿನ ಪೆಟ್ಟಿಗೆಯ ಅಂಚನ್ನು ಹಿಡಿದುಕೊಂಡರು.

ಕೋಣೆಗೆ ಮರಳಿದ ಮೇಲೆ ರಾಘವೇಂದ್ರ ನಿನ್ನೆಯ ಫಾರ್ಮ್ ಎದುರಿಗಿಟ್ಟುಕೊಂಡು ಪೆನ್ನು ತೆಗೆದರು.

"ಕಾಣಿ ಚಂದ್ರಕ್ಕ. ಇದನ್ನ ತಿದ್ದ್ಕ್, ಅದ್ರಂಗೆ ಎರಡ್ ಮಾತಿಲ್ಲೆ. ನಲ್ವತ್ತೊಂದ್ ಅಂದೇಳಿ ಇದ್ರೆ ಆ ಮಗಿನ್ನ ಎರಡ್ ವರ್ಷ ಕರ್ಸಿ ಕಾಣ್ತ್ರ್. ಆದ್ರೆ ಗೋಡೆಯಂಗೆ ಗಡಿಯಾರ ಇತ್ತ್. ಹಿಂದೆ ನಿಂತವ ನಾನ್. ಕೈ ಕಟ್ಕಂಡ್ ನಿಂತೆ, ಕಣ್ಣೂ ಕಟ್ಕಂಡೆ. ಹೊತ್ತ್ ಕಾಂಬುದ್ರಂಗೆ ತಪ್ಪಿದ್ದ್ ನಾನ್ ಅಂದೇಳಿ ನಾನೇ ಬರೀತೆ. ನಿಮ್ಮ ಹೆಸ್ರ್ ಬಪ್ಪುದ್ ಬ್ಯಾಡ. ಇಪ್ಪತ್ತಾರ್ ವರ್ಷ ಆಯ್ತ್, ಬಪ್ಪ ವರ್ಷ ರಿಟೈರ್ಮೆಂಟ್. ವಿಚಾರಣೆ ಅಂದೇಳಿ ನಿಮ್ಮನ್ನ ಎಲ್ಲಿಗೋ ಕರೂದ್ ನಂಗೆ ಕಾಂಬುಕಾತ್ತಿಲ್ಲೆ. ಇಷ್ಟನ್ನ ನಂಗೆ ಮಾಡುಕೆ ಬಿಡಿ."

ಹೊರಗೆ ರಮ್ಯಶ್ರೀಯ ದನಿ ಕೇಳಿಸಿತು. ಶಿಶುವಿಗೆ ಹಾಲು ಶುರುಮಾಡುವ ಬಗ್ಗೆ ಅಕ್ಷಿತಾಳ ಹತ್ತಿರ ಊರಿನ ಮಾತಿನಲ್ಲೇ ಏನೋ ಕೇಳುತ್ತಿದ್ದಳು. ನಾಳೆಯೋ ನಾಡಿದ್ದೋ ಅವಳು ಮತ್ತೆ ಅಲಗು ಹಿಡಿಯುತ್ತಾಳೆ. ಕಾಲ ಬುಡದಲ್ಲಿ ಯಾರಾದರೊಬ್ಬರು ನಿಂತು ಎಣಿಸಲೇಬೇಕು.

ಚಂದ್ರಾವತಿ ಫಾರ್ಮಿನ ಕೆಳಗಿದ್ದ ತಮ್ಮ ಸಹಿಯ ಮೇಲೆ ಬೆರಳಿಟ್ಟರು.

"ಬ್ಯಾಡ ಸರ್. ನೀವ್ ಹಿಂದೆ ನಿಂತಿದ್ರಿ, ಸಮ. ನಿಮ್ದ್ ನೀವ್ ಬರ್ಕಣಿ. ಎಣ್ಸದ್ದ್ ನಾನ್. ನನ್ನ ಹೆಸ್ರಲ್ಲೇ ನಲ್ವತ್ತೊಂದ್ ಅಂದೇಳಿ ಬರೀರಿ. ಹೊರ್ಗೆ ಕೂತ ಆ ಅಮ್ಮಂಗೂ ನಾನೇ ಹೇಳ್ತೆ."